ಗಾಜಿನ ಹಿಂದೆ ಒಂದು ಖಾಲಿ ಕೊಕ್ಕೆ

ಫುಟ್‌ಬಾಲ್ ಸ್ಟೇಡಿಯಮ್ಮಿನ ಮೆಟ್ಟಿಲುಗಳ ಕೆಳಗೆ, ರಸ್ತೆಗೆ ಮುಖಮಾಡಿ, ಸಾಲಾಗಿ ಕೆಲವು ಅಂಗಡಿಗಳಿದ್ದವು. ಅವುಗಳಲ್ಲಿ ಕೊನೆಯದು ಅಕ್ಷರದಕ್ಕನದು. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿತ್ತು. ಆದರೆ ಊರಿನವರ ಜೆರ್ಸಿಗಳ ಬೆನ್ನಿಗೆ ಆಟಗಾರರ ಹೆಸರು ಅಂಟಿಸುತ್ತ ಅಂಟಿಸುತ್ತ ಅವಳದೇ ಹೆಸರು ಎಲ್ಲೋ ಕಳಚಿಬಿದ್ದು, ಚಿಕ್ಕವರಿಂದ ಹಿಡಿದು ತಲೆ ನೆರೆತವರವರೆಗೆ ಎಲ್ಲರ ಬಾಯಲ್ಲೂ ಅವಳು ಅಕ್ಷರದಕ್ಕ ಆಗಿಬಿಟ್ಟಿದ್ದಳು.

ಮೆಟ್ಟಿಲಿನ ಅಡಿಭಾಗವೇ ಅಂಗಡಿಯ ಸೂರು. ಒಂದು ಕಡೆ ನೆಟ್ಟಗೆ ನಿಲ್ಲಬಹುದು, ಇನ್ನೊಂದು ಕಡೆ ತಲೆ ತಗ್ಗಿಸಬೇಕು. ಎತ್ತರವಿದ್ದ ಕಡೆ ಬಿಸಿ ಪ್ರೆಸ್ಸಿನ ಮಿಷನ್ನು, ತಗ್ಗಿನ ಕಡೆ ಅಕ್ಷರಗಳ ಡ್ರಾಯರುಗಳು. ಅಪ್ಪನ ಕಾಲದಲ್ಲಿ ತಗಡಿನ ಅಚ್ಚಿಟ್ಟು ಬ್ರಷ್ಷಿನಿಂದ ನಂಬರು ಬರೆಯುತ್ತಿದ್ದರು. ಅಪ್ಪ ಹೋದಮೇಲೆ ಇವಳು ಮಿಷನ್ನು ತಂದಳು. ಜೆರ್ಸಿ ಹಾಸಿ, ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ, ಮೇಲೆ ತೆಳ್ಳನೆಯ ಹಾಳೆ ಹೊದಿಸಿ ಹಿಡಿ ಒತ್ತಿದರೆ, ಒಂದು ದೊಡ್ಡ ಉಸಿರು ಎಳೆದುಬಿಡುವಷ್ಟರಲ್ಲಿ ಹೆಸರು ಬಟ್ಟೆಗೆ ಕೂತುಬಿಡುತ್ತಿತ್ತು. ಕೀಳುವುದೇ ಕಷ್ಟ. ಬಿಸಿ ಮಾಡಿ, ಉಗುರಿನಿಂದ ಅಂಚೆಬ್ಬಿಸಿ, ಅಂಟು ಒರೆಸಿ, ಎಷ್ಟು ನಾಜೂಕಾಗಿ ಕಿತ್ತರೂ ಹೆಸರು ಪೂರ್ತಿ ಹೋಗುತ್ತಿರಲಿಲ್ಲ. ಸುತ್ತಲಿನ ಬಟ್ಟೆ ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತಿತ್ತು. ಅಕ್ಷರದ ಅಡಿಯ ಬಟ್ಟೆ ಮಾತ್ರ ಹೊಸದಾಗಿಯೇ ಇರುತ್ತಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ, ಹೋದವನ ಹೆಸರನ್ನು ಓದಬಹುದಿತ್ತು.

ಇಷ್ಟು ವರ್ಷದಲ್ಲಿ ಅವಳು ಒಂದು ಆಟವನ್ನೂ ನೋಡಿರಲಿಲ್ಲ, ಎಲ್ಲವನ್ನೂ ಕೇಳಿದ್ದಳು. ಆಟದ ದಿನ ತಲೆಯ ಮೇಲೆ ಸಾವಿರಾರು ಕಾಲುಗಳು ಗುಡುಗುತ್ತಿದ್ದವು. ಊರಿನ ತಂಡ ಗೋಲು ಹೊಡೆದರೆ ಡ್ರಾಯರುಗಳೊಳಗೆ ಅಕ್ಷರಗಳು ತಾವಾಗಿಯೇ ಅಲುಗಾಡುತ್ತಿದ್ದವು.

ಅಂಗಡಿಯ ಮುಂದೆ ಒಂದು ದೊಡ್ಡ ಗಾಜು. ಅದರ ಹಿಂದೆ ಸಾಲು ಕೊಕ್ಕೆಗಳು. ಒಂದೊಂದಕ್ಕೂ ತಂಡದ ಒಬ್ಬೊಬ್ಬ ಆಟಗಾರನ ಜೆರ್ಸಿ, ಬೆನ್ನು ರಸ್ತೆಯ ಕಡೆಗೆ. ಅಪ್ಪ ಹಾಕಿಕೊಟ್ಟ ಕಟ್ಟುಪಾಡೊಂದಿತ್ತು. ಕ್ಲಬ್ಬಿನವರು ತಮ್ಮ ಬಾಯಿಂದಲೇ ಹೇಳುವವರೆಗೆ ಯಾವ ಹೆಸರನ್ನೂ ಗಾಜಿನಿಂದ ಇಳಿಸಕೂಡದು, ಯಾರ ಬೆನ್ನಿನಿಂದಲೂ ಕೀಳಕೂಡದು. ಹೀಗಾಗಿ ಕೊಕ್ಕೆ ಖಾಲಿಯಾಯಿತೆಂದರೆ ಆ ಆಟಗಾರ ಹೋದನೆಂದೇ ಊರಿಗೆಲ್ಲ ಅರ್ಥ. ಪಕ್ಕದಲ್ಲೇ ಪೇಪರ್ ಅಂಗಡಿ ಇಟ್ಟಿದ್ದ ಅವಳ ತಮ್ಮನಿಗೆ ಇದೇ ಹೊಟ್ಟೆಯುರಿ.

"ದಿನಾ ಇಷ್ಟು ಪೇಪರ್ ಹರಡ್ಕೊಂಡು ಕೂತಿರ್ತೀನಿ, ಒಬ್ರೂ ನಂಬಲ್ಲ. ನಿನ್ನ ಗಾಜು ನೋಡಿದ್ರೆ ಮಾತ್ರ ಆಕಾಶವಾಣಿ ಆದಂಗೆ ಆಡ್ತಾರೆ."

"ನನ್ನ ಗಾಜು ಸುಳ್ಳು ಹೇಳಲ್ಲ ಕಣೋ. ಅದಕ್ಕೆ ಬಾಯಿಲ್ಲ," ಎನ್ನುತ್ತಿದ್ದಳು ಅಕ್ಕ.

ಬೇಸಿಗೆ ಬಂದು ಸೀಸನ್ ಮುಗಿದರೆ ಊರಿನ ಕಾಲುಗಳಿಗೆ ರಜೆ, ನಾಲಿಗೆಗೆ ಕೆಲಸ. ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಯಾರನ್ನು ಓಡಿಸಬೇಕು, ಎಲ್ಲವೂ ಅವಳ ಅಂಗಡಿಯ ಬೆಂಚಿನ ಮೇಲೆಯೇ ತೀರ್ಮಾನ. ಬೆಂಚಿನ ಖಾಯಂ ಗಿರಾಕಿಗಳು ಇಬ್ಬರು: ಸವಾರಿ ಸಿಗದಾಗಲೆಲ್ಲ ಬಂದು ಕೂರುವ ಟ್ಯಾಕ್ಸಿಯವನು, ಮನೆಯಲ್ಲಿ ಕೂರಲಾಗದೆ ಬರುವ ರಿಟೈರ್ಡ್ ಮೇಷ್ಟ್ರು.

"ಗೋಲ್‌ಕೀಪರ್‌ನ ಮಾರ್ಬಿಡ್ಬೇಕು ಮೇಷ್ಟ್ರೇ. ಕೈಯಾ ಅದು? ಜರಡಿ!"

"ಮಾರೋದು ಸರಿ. ತಗೊಳ್ಳೋ ಪುಣ್ಯಾತ್ಮ ಯಾರು? ಮೊದ್ಲು ಆ ಕೋಚನ್ನ ಕಳಿಸ್ಬೇಕು. ನಾನು ಹೋದ ವರ್ಷವೇ ಹೇಳಿದ್ದೆ."

"ಹೋದ ವರ್ಷ ಅವನನ್ನ ಹೊತ್ಕೊಂಡು ಮೆರವಣಿಗೆ ಮಾಡ್ಬೇಕು ಅಂದಿದ್ರಿ."

"ಅದು ಮೊದಲರ್ಧದಲ್ಲಿ. ನೀವೇನಂತೀರಿ ಅಕ್ಷರದಕ್ಕ?"

"ನಂದೇನಿದೆ? ಅಭಿಪ್ರಾಯ ನಿಮ್ದು, ನಂದು ಬರೀ ಅಕ್ಷರ."

ಈ ಮಾತುಗಳಲ್ಲಿ ಐದನೇ ನಂಬರಿನವನ ಸುದ್ದಿ ಎಂದೂ ಬಂದದ್ದಿಲ್ಲ. ಎಡಗಡೆಯ ಡಿಫೆಂಡರ್. ಹತ್ತು ವರ್ಷದಿಂದ ಆಡುತ್ತಿದ್ದ. ಗೋಲು ಹೊಡೆದವನಲ್ಲ, ಬೈಸಿಕೊಂಡವನೂ ಅಲ್ಲ. ಗೋಡೆಯೊಳಗೆ ಇಟ್ಟಿಗೆ ಇರುವ ಹಾಗೆ ಇದ್ದ. ಮಾರಬೇಕೆಂದು ಯಾರಿಗೂ ಅನಿಸಿರಲಿಲ್ಲ, ಇಟ್ಟುಕೊಳ್ಳಬೇಕೆಂದೂ ಅನಿಸಿರಲಿಲ್ಲ. ಅವನ ಜೆರ್ಸಿ ಗಾಜಿನ ತುದಿಯ ಕೊಕ್ಕೆಯಲ್ಲಿತ್ತು, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕಡೆ. ಆ ಬೇಸಿಗೆಯ ಬಿಸಿಲಿಗೆ ಹೆಸರಿನ ಅಂಚುಗಳು ಒಣಗಿದ ಎಲೆಯ ಹಾಗೆ ಮುರುಟಿಕೊಂಡವು. ಬೇರೆ ಅಕ್ಷರ ಹಾಕೋಣವೆಂದು ಅಕ್ಕ ಜೆರ್ಸಿಯನ್ನು ಇಳಿಸಿದಳು. ನೋಡಿದರೆ ಡ್ರಾಯರಿನಲ್ಲಿ ಬೇಕಾದ ಅಕ್ಷರಗಳಿರಲಿಲ್ಲ, ಅವನ್ನು ಕತ್ತರಿಸುವ ಬಿಳಿ ಹಾಳೆಯ ಸುರುಳಿಯೂ ಮುಗಿದಿತ್ತು. ಆರ್ಡರ್ ಕೊಟ್ಟಳು. ಆಟವಿಲ್ಲದ ಕಾಲ, ಕಳಿಸುವವರಿಗೂ ಅವಸರವಿರಲಿಲ್ಲ. ಜೆರ್ಸಿಯನ್ನು ಮಡಿಸಿ ಡ್ರಾಯರಿನ ಮೇಲಿಟ್ಟು, ಆ ಮಾತನ್ನೇ ಮರೆತಳು.

ಮೊದಲು ಬಂದವನು ಟ್ಯಾಕ್ಸಿಯವನೇ. ಎಂದಿನ ಹಾಗೆ ಬೆಂಚಿನ ಮೇಲೆ ಕುಕ್ಕರಿಸದೆ, ಚೀಲದಿಂದ ಹಳೆಯ ಜೆರ್ಸಿಯೊಂದನ್ನು ತೆಗೆದು ಮಿಷನ್ನಿನ ಮೇಲೆ ಹಗುರವಾಗಿ ಇಟ್ಟ.

"ಐದನೇ ನಂಬರು ಕೀಳ್ಬೇಕಿತ್ತಕ್ಕ."

"ಯಾಕಪ್ಪಾ?"

"ಹೋದ್ನಲ್ಲ."

"ಎಲ್ಲಿಗೆ?"

ಅವನು ಬಾಯಿ ತೆರೆದು, ಹೇಳಬೇಕಾದ ಊರು ನಾಲಿಗೆಯ ತುದಿಯಲ್ಲೇ ಇರುವವನಂತೆ ತುಸು ಹೊತ್ತು ನಿಂತ. "ಎಲ್ಲಿಗೋ. ಎಲ್ರೂ ಹೇಳ್ತಿದಾರೆ. ಪಾಪ, ಒಳ್ಳೆಯವನಿದ್ದ."

ಅವನು ಹೋದಮೇಲೆ ಅಕ್ಕ ತಮ್ಮನ ಅಂಗಡಿಯ ಪೇಪರುಗಳನ್ನೆಲ್ಲ ತಿರುವಿದಳು. ಗೋಲ್‌ಕೀಪರನ ಸೊಂಟನೋವಿನ ಬಗ್ಗೆ ಇತ್ತು, ಕೋಚನ ಮಾವನ ಬಗ್ಗೆ ಕೂಡ ಇತ್ತು. ಐದನೇ ನಂಬರಿನವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಮರುದಿನ ಇನ್ನಿಬ್ಬರು ಬಂದರು. ಆಮೇಲೆ ಮಗುವಿನ ಪುಟ್ಟ ಜೆರ್ಸಿ ಹಿಡಿದು ಒಬ್ಬ ತಾಯಿ. ಎಲ್ಲರದ್ದೂ ಒಂದೇ ತಗ್ಗಿದ ದನಿ, ಸಾವಿನ ಮನೆಯಲ್ಲಿ ಮಾತನಾಡುವ ಹಾಗೆ. ಎಲ್ಲರೂ "ಇದ್ದ" ಎನ್ನುತ್ತಿದ್ದರು, "ಇದ್ದಾನೆ" ಎನ್ನುತ್ತಿರಲಿಲ್ಲ.

"ಕ್ಲಬ್ಬಿನವರು ಹೇಳದೆ ನಾನು ಕೀಳಲ್ಲ," ಎಂದಳು ಅಕ್ಕ.

"ಇಟ್ಕೊಂಡಿರಿ ಹಾಗಾದ್ರೆ. ಹೇಳಿದಮೇಲೆ ಕೀಳಿ. ಮನೇಲಿಟ್ಕೊಳ್ಳೋಕೆ ಒಂಥರಾ ಆಗುತ್ತೆ."

ಹೀಗೆ ತಗ್ಗಿನ ಕಡೆ ಒಂದು ರಾಶಿ ಬೆಳೆಯಿತು. ಎಲ್ಲ ಬೆನ್ನುಗಳ ಮೇಲೂ ಅದೇ ಹೆಸರು, ಅದೇ ಐದು. ಕೆಲಸ ಮಾಡುವಾಗ ಅಕ್ಕ ಆ ಕಡೆಗೆ ಬೆನ್ನು ಮಾಡುತ್ತಿದ್ದಳು. ಮಾಡಿದರೆ, ತನ್ನ ಬೆನ್ನನ್ನೇ ಯಾರೋ ಓದುತ್ತಿರುವಂತೆ ಅನಿಸುತ್ತಿತ್ತು.

ಕೊನೆಗೆ ಅವಳು ಮೇಷ್ಟ್ರನ್ನು ಹಿಡಿದು ನಿಲ್ಲಿಸಿದಳು. "ಮೇಷ್ಟ್ರೇ, ಪಾಠ ಹೇಳಿದವರು ನೀವು. ಸರಿಯಾಗಿ ಹೇಳಿ. ಅವನು ಹೋದ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಿಮ್ಮ ಗಾಜಲ್ಲೇ ಇದೆಯಲ್ಲ."

ಅಕ್ಕ ಹೊರಗೆ ಹೋಗಿ, ರಸ್ತೆಯಲ್ಲಿ ನಿಂತು, ದಾರಿಹೋಕರು ನೋಡುವ ಹಾಗೆ ತನ್ನ ಅಂಗಡಿಯನ್ನು ನೋಡಿದಳು. ಸಾಲಿನ ತುದಿಯಲ್ಲಿ ಖಾಲಿ ಕೊಕ್ಕೆ. ಅದರ ಹಿಂದಿನ ಗೋಡೆಗೆ ಬಿಸಿಲು ತಾಗದಿದ್ದ ಕಡೆ ಒಂದು ಅಂಗಿಯ ಆಕಾರ, ತೋಳು ಚಾಚಿಕೊಂಡು. ಬಾಯಿಲ್ಲದ ಗಾಜು ಮಾತಾಡಿತ್ತು. ಆಡಿಸಿದವಳು ತಾನೇ.

ಅಂದೇ ಪರ ಊರಿಗೆ ಫೋನ್ ಮಾಡಿ, ಗೋಗರೆದು, ಬಿಳಿ ಸುರುಳಿ ತರಿಸಿದಳು. ಅಕ್ಷರ ಒತ್ತಿ ಜೆರ್ಸಿಯನ್ನು ಮತ್ತೆ ತುದಿಯ ಕೊಕ್ಕೆಗೆ ನೇತುಹಾಕಿದಳು. ಮೇಷ್ಟ್ರು ಬಂದರು, ಗಾಜಿನ ಮುಂದೆ ನಿಂತರು, ಒಳಗೆ ಬಂದು ಕೂತರು.

"ನೋಡಿದ್ರಾ?"

"ಏನನ್ನ?"

"ತುದೀಲಿ. ಐದನೇ ನಂಬರು. ಅಕ್ಷರ ಮುರುಟಿತ್ತು ಅಂತ ಇಳಿಸಿದ್ದೆ, ಅಷ್ಟೇ. ಅವನೆಲ್ಲೂ ಹೋಗಿಲ್ಲ."

ಮೇಷ್ಟ್ರು ಕನಿಕರದಿಂದ ನಕ್ಕರು. "ನಿಮಗೆ ಒಳಗಿನ ಸುದ್ದಿ ಗೊತ್ತಿರುತ್ತೆ, ಹೇಳೋ ಹಾಗಿರಲ್ಲ. ಬಿಡಿ, ನಮಗೆ ಅರ್ಥ ಆಗುತ್ತೆ."

ಟ್ಯಾಕ್ಸಿಯವನು ಹೋಗಿ ನೋಡಿ ಬಂದು, ಹಳೇ ಮಾಲನ್ನು ರಿಯಾಯಿತಿಯಲ್ಲಿ ಕೊಡುತ್ತೀರಾ ಎಂದು ಕೇಳಿದ.

ಅದೇ ವಾರ ಕಾಲ ಸಪ್ಪಳ ಶುರುವಾಯಿತು. ಸಂಜೆ, ಶಟರ್ ಎಳೆಯುವ ಹೊತ್ತಿಗೆ, ತಲೆಯ ಮೇಲೆ. ಒಂದೇ ಒಂದು ಜೊತೆ ಕಾಲು. ಕೆಳಗಿನಿಂದ ಮೇಲಕ್ಕೆ ಓಡುತ್ತಿತ್ತು, ನಿಲ್ಲುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಓಡುತ್ತಿತ್ತು. ಸಾವಿರ ಕಾಲಿನ ಗುಡುಗಿಗೆ ಹೆದರದವಳು ಆ ಎರಡು ಕಾಲಿಗೆ ಬೆವರಿದಳು.

"ಇಲಿ ಇರ್ಬೇಕು," ಎಂದ ತಮ್ಮ.

"ಬೂಟು ಹಾಕ್ಕೊಂಡಿರೋ ಇಲಿಯಾ?"

"ಹಾಗಾದ್ರೆ ನಿನ್ನ ಮನಸ್ಸು. ಬೇಸಿಗೇಲಿ ಸ್ಟೇಡಿಯಮ್ಮಿಗೆ ಯಾರು ಸಾಯೋಕೆ ಬರ್ತಾರೆ?" ಎಂದವನು, ತಾನಾಡಿದ ಮಾತು ತನಗೇ ಹಿಡಿಸದೆ, ಸಪ್ಪಳ ಮತ್ತೆ ಕೇಳಿದ್ದೇ ಅಂಗಡಿ ಮುಚ್ಚಿಕೊಂಡು ಹೊರಟೇಹೋದ.

ಅಕ್ಕ ಗೇಟಿನ ಹತ್ತಿರ ಹೋದಳು. ಕಾವಲಿನವನು ಕುರ್ಚಿಯಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ.

"ಮೇಲೆ ಯಾರಿದಾರಪ್ಪಾ?"

"ಯಾರೂ ಇಲ್ಲವಲ್ಲ. ಬೆಳಿಗ್ಗೆಯಿಂದ ನಾನೊಬ್ನೇ."

ಮೆಟ್ಟಿಲು ಹತ್ತುವಾಗ ಅವಳಿಗೆ ತನ್ನ ಅಂಗಡಿಯ ಸೂರನ್ನೇ ತುಳಿಯುತ್ತಿದ್ದೇನೆ ಎನಿಸಿ ಕಾಲು ಹಗುರವಾಗಿ ಇಟ್ಟಳು. ಸಂಜೆಯ ಹಳದಿ ಬೆಳಕಿನಲ್ಲಿ ಖಾಲಿ ಸೀಟುಗಳು ಸಾಲುಸಾಲಾಗಿ ಕೆಳಗಿಳಿದಿದ್ದವು. ಅವುಗಳ ನಡುವೆ ಒಬ್ಬ ಮನುಷ್ಯ, ಬೆವರಿನಿಂದ ತೊಯ್ದವನು, ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದ. ಅವಳನ್ನು ಕಂಡು ನಿಂತ. ಹತ್ತು ವರ್ಷ ಅವನ ಹೆಸರನ್ನು ಒತ್ತಿದ್ದರೂ ಮುಖವನ್ನು ಹತ್ತಿರದಿಂದ ನೋಡಿದ್ದು ಕಡಿಮೆ. ಆದರೂ ಗುರುತು ಸಿಕ್ಕಿತು. ಐದನೇ ನಂಬರಿನವನು.

"ನಿಮಗೆ ನಾನು ಕಾಣ್ತಿದೀನಾ ಅಕ್ಕ?" ಎಂದು ಕೇಳಿದ. ತಮಾಷೆಯ ದನಿಯಲ್ಲ.

"ಕಾಣದೆ ಏನಪ್ಪಾ? ಕೂತ್ಕೋ. ಎಷ್ಟು ಬೆವರಿದೀಯ."

ಅವನು ಕೂತ. "ಗೇಟಿನವನಿಗೆ ಮೊದಲ ದಿನ ನಮಸ್ಕಾರ ಅಂದೆ. ಮಾರನೇ ದಿನ ಕೈ ಬೀಸ್ದೆ. ಈಗ ಸುಮ್ನೆ ಅವನ ಮುಂದೇನೇ ಒಳಗೆ ಬಂದ್ಬಿಡ್ತೀನಿ. ಪ್ರಾಕ್ಟೀಸಿಗೆ ಬನ್ನಿ ಅಂತ ಎಲ್ಲರಿಗೂ ಫೋನ್ ಹೋಗಿದೆಯಂತೆ. ನನಗೆ ಬರ್ಲಿಲ್ಲ. ಕ್ಲಬ್ ಆಫೀಸಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಟೀ ತರಿಸಿಕೊಟ್ರು. 'ನಿಮ್ದು ಆಗ್ಲೇ ಮುಗೀತಲ್ಲ' ಅಂದ್ರು. ಏನು ಮುಗೀತು ಅಂತ ಕೇಳೋಕೆ ನನಗೇ ಸಂಕೋಚ ಆಯ್ತು."

ಅಕ್ಕ ಎಲ್ಲವನ್ನೂ ಹೇಳಿದಳು: ಬಿಸಿಲು, ಮುರುಟಿದ ಅಕ್ಷರ, ಬಾರದ ಸುರುಳಿ, ಖಾಲಿ ಕೊಕ್ಕೆ. "ನನ್ನಿಂದ ಆಗಿದ್ದು ಇದು. ನಿನ್ನ ಪಾಲಿಗೆ ನಾನೇ ಶನಿಯಾದೆ."

ಅವನು ತಲೆಯಾಡಿಸಿದ. "ಸಮಾಧಾನಕ್ಕೆ ಹೇಳ್ತೀರಿ. ಇಷ್ಟು ಜನ ಹೇಳ್ತಿದಾರೆ ಅಂದ್ರೆ ಎಲ್ಲಾ ಸುಳ್ಳಿರುತ್ತಾ? ನನಗೂ ಈಗೀಗ ಹಾಗೇ ಅನ್ಸುತ್ತೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ಒಂದು ಗಳಿಗೆ, ನಾನು ಹೋಗ್ಬಿಟ್ಟಿದೀನಿ ಅನ್ಸುತ್ತೆ. ಎಲ್ಲಿಗೆ ಅನ್ನೋದು ಮಾತ್ರ ನೆನಪಾಗಲ್ಲ."

ಕೆಳಗೆ ಹೊಸದಾಗಿ ಬಿತ್ತಿದ ಹುಲ್ಲು ಆಗಷ್ಟೇ ಎದ್ದಿತ್ತು. ಅದನ್ನೇ ನೋಡುತ್ತ ಅಂದ: "ಪ್ರಾಕ್ಟೀಸ್ ಶುರುವಾಗೋ ದಿನ ನಾನು ಅಲ್ಲಿ ನಿಂತಿರ್ಬೇಕು ಅಕ್ಕ. ಇಲ್ದಿದ್ರೆ ಮುಗೀತು. ಆಮೇಲೆ ನನ್ನನ್ನ ಯಾರೂ ಕರೆಯಲ್ಲ."

ಮರುದಿನ ಬೆಳಿಗ್ಗೆ ಅಕ್ಕ ತನ್ನ ಅಳತೆಯ ಹೊಸ ಜೆರ್ಸಿಯೊಂದನ್ನು ಮಿಷನ್ನಿನ ಮೇಲೆ ಹಾಸಿದಳು. ಜೀವಮಾನದಲ್ಲಿ ಅವಳು ಯಾರ ಹೆಸರನ್ನೂ ತೊಟ್ಟವಳಲ್ಲ. ಅವನ ಹೆಸರಿನ ಆರು ಅಕ್ಷರಗಳನ್ನೂ ಕೆಳಗೆ ಐದನ್ನೂ ಜೋಡಿಸಿ, ಹಿಡಿ ಒತ್ತಿ, ಬಿಸಿ ಆರುವ ಮೊದಲೇ ಮೈಗೆ ಹಾಕಿಕೊಂಡಳು. ಹೆಸರು ಬೆನ್ನಿಗೆ ಸುಡುತ್ತಿತ್ತು. ಗಾಜನ್ನು ನೋಡದವರು ಬೆನ್ನನ್ನಾದರೂ ನೋಡಲಿ ಎಂದುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದು, ಬೇಕೆಂದೇ ನಿಧಾನವಾಗಿ ತಿರುಗಿ ಬಂದಳು. ಜನ ನೋಡಿದರು. ನಿಂತು ನೋಡಿದರು. ಅಂಗಡಿಯ ಮುಂದೆ ಟ್ಯಾಕ್ಸಿಯವನು ಗಾಡಿಯಿಂದ ಹಾರಿ ಇಳಿದ.

"ಅಕ್ಕಾ, ತಿರುಗಿ, ತಿರುಗಿ! ಯಾರಿದು? ಹೊಸಬ್ನಾ?"

ಅಕ್ಕ "ಅಲ್ವೋ, ಅವನೇ" ಎನ್ನಲು ಬಾಯಿ ತೆರೆದಳು. ಅವನ ಕಣ್ಣು ನೋಡಿದಳು. ಅದರಲ್ಲಿ ಮಿಂಚಿತ್ತು, ಕುಚೇಷ್ಟೆಯ ಸುಳಿವೂ ಇರಲಿಲ್ಲ. ಆ ಆರು ಅಕ್ಷರಗಳನ್ನು ಹುಟ್ಟಿದಮೇಲೆ ಮೊದಲ ಸಲ ಓದುತ್ತಿರುವವನ ಕಣ್ಣು. ಪ್ರಾಕ್ಟೀಸಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

"ನಿನಗೇನನ್ಸುತ್ತೆ?" ಎಂದಳು.

ಅಷ್ಟೇ ಸಾಕಾಯಿತು.

"ಎಡಗಾಲಿನವನೇ ಇರ್ಬೇಕು. ಐದು ಖಾಲಿ ಇತ್ತಲ್ಲ! ಅದಕ್ಕೇ ಇಷ್ಟು ದಿನ ಗುಟ್ಟಾಗಿಟ್ಟಿದ್ರು. ನಾನಂದ್ಕೊಂಡೆ!"

ಸಂಜೆಯ ಹೊತ್ತಿಗೆ ಬೆಂಚಿನಲ್ಲಿ ಜಾಗವಿರಲಿಲ್ಲ. "ಇವನ ಬಗ್ಗೆ ನಾನು ಓದಿದೀನಿ," ಎಂದರು ಮೇಷ್ಟ್ರು. "ಓಟ ಚೆನ್ನಾಗಿದೆ. ತಲೆ ಇನ್ನೂ ಚೆನ್ನಾಗಿದೆ."

"ಎಲ್ಲಿ ಓದಿದ್ರಿ? ನನ್ನ ಪೇಪರಲ್ಲಿ ಬಂದಿಲ್ಲವಲ್ಲ," ಎಂದ ತಮ್ಮ.

"ನಿನ್ನ ಪೇಪರಲ್ಲಿ ಬರೋದನ್ನ ಯಾರಯ್ಯ ಓದ್ತಾರೆ?"

ಕೀಳಲೆಂದು ಬಿಟ್ಟುಹೋಗಿದ್ದ ಜೆರ್ಸಿಗಳನ್ನು ಜನ ಒಬ್ಬೊಬ್ಬರಾಗಿ ಬಂದು ಒಯ್ಯತೊಡಗಿದರು. ಹೆಸರು ಅದೇ ಇದೆಯಲ್ಲ, ಸರಿಹೋಗುತ್ತೆ ಬಿಡಿ ಎಂದರು.

"ಹೆಸರೂ ಅದೇ, ನಂಬರೂ ಅದೇ. ವಿಚಿತ್ರ ಅನ್ಸಲ್ವಾ ನಿಮಗೆ?" ಎಂದು ಮಗುವಿನ ತಾಯಿಯನ್ನು ಅಕ್ಕ ಕೇಳಿಯೇಬಿಟ್ಟಳು.

"ಹೆಸರು ಒಂದೇ ಇದ್ರೆ ಆಟ ಒಂದೇ ಆಗುತ್ತಾ ಅಕ್ಕ? ಅವನೆಲ್ಲಿ, ಇವನೆಲ್ಲಿ!" ಎಂದು ಆಕೆ ಪುಟ್ಟ ಜೆರ್ಸಿಯನ್ನು ಎದೆಗೊತ್ತಿಕೊಂಡು ಹೋದಳು.

ಎರಡು ದಿನ ಕಳೆದು, ಐದನೇ ನಂಬರಿನವನು ಏದುಸಿರು ಬಿಡುತ್ತ ಅಂಗಡಿಗೆ ಬಂದ. "ಫೋನ್ ಬಂತು! ಬಂದು ಸೈನ್ ಮಾಡಿ, ಫೋಟೋ ತೆಗೀಬೇಕು ಅಂದ್ರು. ಅದೇ ಗುಮಾಸ್ತರು. 'ನಮ್ಮ ಊರಿಗೆ ಸ್ವಾಗತ' ಅಂದ್ರು ಅಕ್ಕ!" ಎಂದು ಜೋರಾಗಿ ನಕ್ಕ. ಅಕ್ಕನೂ ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಮೇಲೆ, ಯಾಕೆ ನಕ್ಕೆವೆಂದು ಮರೆತವನಂತೆ ಅವನು ಅವಳ ಮುಖ ನೋಡಿದ. ಆಮೇಲೆ ಹೊರಟ.

ಪ್ರಾಕ್ಟೀಸಿನ ಮೊದಲ ದಿನ ಜನ ನೋಡಲು ಬರಬಹುದಿತ್ತು. ಅಕ್ಕ ಹಗಲಿನಲ್ಲೇ ಶಟರ್ ಎಳೆದು ಮೇಲೆ ಹೋಗಿ ಕೂತಳು. ಆಟಗಾರರು ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಬಂದರು. ಗೋಲ್‌ಕೀಪರನಿಗೆ ಶಿಳ್ಳೆ, ಕೂಗಾಟ. ಐದನೇ ನಂಬರಿನವನು ಕಾಣಿಸಿಕೊಂಡಾಗ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತು ವರ್ಷದಲ್ಲಿ ಅವನಿಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಅವನು ಬೆರಗಾಗಿ ಸುತ್ತ ನೋಡಿದ. ಎತ್ತರದ ದೀಪದ ಕಂಬಗಳನ್ನು, ಸೀಟುಗಳನ್ನು, ಗೇಟನ್ನು, ಯಾವುದು ಎಲ್ಲಿದೆಯೆಂದು ಕಲಿತುಕೊಳ್ಳುತ್ತಿರುವವನ ಹಾಗೆ.

"ಹೊಸಬ," ಎಂದು ಪಕ್ಕದಲ್ಲಿ ಕೂತವರು ಅಕ್ಕನಿಗೆ ತಿಳಿಸಿ ಹೇಳಿದರು. "ಸ್ವಲ್ಪ ದಿನ ಬೇಕು, ಹೊಂದಿಕೊಳ್ತಾನೆ."

ಅಕ್ಕ ಕೈಯೆತ್ತಿ ಬೀಸಿದಳು. ಅವನು ಅವಳ ಕಡೆ ನೋಡಿದ. ಎಲ್ಲರಿಗೂ ಬೀಸುತ್ತಿದ್ದ ಹಾಗೆಯೇ ಅವಳಿಗೂ ಬೀಸಿದ.

ಸೀಸನ್ ಶುರುವಾಗುವ ಮುಂಚಿನ ಒಂದು ಮಧ್ಯಾಹ್ನ ಅವನು ಅಂಗಡಿಗೆ ಬಂದ. ಮೈ ತುಂಬಿಕೊಂಡಿತ್ತು, ಮುಖದಲ್ಲಿ ಕಳೆಯಿತ್ತು. ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದ.

"ನಮಸ್ಕಾರ. ಜೆರ್ಸಿಗೆ ಹೆಸರು ಹಾಕೋದು ಇಲ್ಲೇ ಅಂತ ಹೇಳಿದ್ರು."

ಅಕ್ಕ ನಕ್ಕಳು. ಅವನೂ ನಗಲಿ ಎಂದು ಕಾದಳು. ಅವನು ಅವಳ ನಗುವಿಗೆ ಮರ್ಯಾದೆಗೆಂದು ಮುಗುಳ್ನಕ್ಕು, ಚೀಲದಿಂದ ಹೊಸ ಜೆರ್ಸಿ ತೆಗೆದ.

"ಅಮ್ಮನಿಗೆ ಕಳಿಸ್ಬೇಕು. ಈ ತಂಡಕ್ಕೆ ಮೊದಲ ಸಲ ಆಡ್ತಿದೀನಲ್ಲ, ಅವರಿಗೊಂದು ಖುಷಿ. ತುಂಬಾ ವರ್ಷದಿಂದ ಇದೆಯಾ ನಿಮ್ಮ ಅಂಗಡಿ ಇಲ್ಲಿ?"

ಅವಳ ಬಾಯಿಯವರೆಗೆ ಎಲ್ಲವೂ ಬಂತು: ಮೆಟ್ಟಿಲ ಮೇಲಿನ ಸಂಜೆ, ಆಫೀಸಿನ ಟೀ, ಹತ್ತು ವರ್ಷ. ಅವನ ಮುಖ ನೋಡಿದಳು. ಹೆದರಿಕೆಯಿರಲಿಲ್ಲ ಅಲ್ಲಿ. ಬೆಳಿಗ್ಗೆ ಎದ್ದಾಗ ತಾನೆಲ್ಲಿದ್ದೇನೆಂದು ಗೊತ್ತಿರುವವನ ಮುಖ.

"ನಮ್ಮಪ್ಪನ ಕಾಲದಿಂದ," ಎಂದಳು.

"ಒಳ್ಳೇದು. ಹೆಸರು ಸ್ವಲ್ಪ ಉದ್ದ, ಜನ ತಪ್ಪು ಬರೀತಾರೆ. ನಿಧಾನವಾಗಿ ಹೇಳ್ಲಾ?"

"ಹೇಳಪ್ಪಾ."

ಅವನು ಒಂದೊಂದೇ ಅಕ್ಷರ ಹೇಳತೊಡಗಿದ. ಅವಳು ತಲೆ ತಗ್ಗಿಸಿ ನಿಂತು ಒಂದೊಂದೇ ಡ್ರಾಯರು ಎಳೆದು ಎತ್ತಿಟ್ಟುಕೊಂಡಳು. ಕೊನೆಯ ಅಕ್ಷರ ಆಗಲೇ ಅವಳ ಕೈಯಲ್ಲಿತ್ತು. ಆದರೂ, ಅವನು ಹೇಳುವವರೆಗೆ ಕಾದಳು.